ನಡುಕದ ಡಾಕ್ಟ್ರಮ್ಮ ಮತ್ತು ಗೋಡೆಗೆ ತೂಗುಹಾಕಿದ ಗಾಜು

ರೇಡಿಯೊ ನಿಯಂತ್ರಣದಿಂದ ಹಾರುವ ಮಾದರಿ ಹೆಲಿಕಾಪ್ಟರುಗಳನ್ನು ಕಟ್ಟುವವರು ಹಲವರಿದ್ದಾರೆ, ಹಾರಿಸುವವರು ಅದಕ್ಕಿಂತಲೂ ಹೆಚ್ಚು ಮಂದಿ. ಆದರೆ ನೆಲ ಬಿಟ್ಟು ಮೊಳದೆತ್ತರ ಏಳುವಷ್ಟರಲ್ಲಿ ಚಳಿಜ್ವರ ಬಂದಂತೆ ಗಡಗಡ ನಡುಗುವ ಯಂತ್ರವನ್ನು ಮೇಜಿನ ಮೇಲಿಟ್ಟು, ನಡುಕ ಎಲ್ಲಿಂದ ಹೊರಟಿತೆಂದು ತಾಳ್ಮೆಯಿಂದ ಹುಡುಕಿ ಹೇಳಬಲ್ಲವರು ಬೆರಳೆಣಿಕೆಯಷ್ಟು. ಆ ಎಣಿಕೆಯ ಮೊದಲ ಬೆರಳು ನಮ್ಮ ತಾಂತ್ರಿಕ ಶಾಲೆಯ ಮಾದರಿ ಕಾರ್ಯಾಗಾರದ ಹಿರಿಯ ಬೋಧಕಿಯವರದು. ಮೂವತ್ತೊಂದು ವರ್ಷಗಳ ಸೇವೆ ಪೂರೈಸಿ ಈ ತಿಂಗಳು ನಿವೃತ್ತರಾಗುತ್ತಿರುವ ಅವರು ಸೇವಾಪುಸ್ತಕದಲ್ಲಿ ಏನೇ ಆಗಿರಲಿ, ಕಾರ್ಯಾಗಾರದಲ್ಲಿ ಎಲ್ಲರಿಗೂ ‘ಡಾಕ್ಟ್ರಮ್ಮ’. ವೈದ್ಯಕೀಯಕ್ಕೂ ಅವರಿಗೂ ಇರುವ ನಂಟು ಸ್ವಂತ ನೆಗಡಿಗೆ ಮಾತ್ರೆ ನುಂಗುವಷ್ಟೇ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು, ಏಕೆಂದರೆ ಹೊಸದಾಗಿ ಸೇರಿದ ಒಬ್ಬ ಗುಮಾಸ್ತರು ಮೊಣಕಾಲು ನೋವಿಗೆ ಔಷಧ ಕೇಳಿಕೊಂಡು ಬಂದದ್ದೂ ಉಂಟು.

ಅವರು ಬಂದಾಗ ಕಾರ್ಯಾಗಾರವೆಂದರೆ ಬಡಗಿ ವಿಭಾಗದ ಹಿಂದಿನ ಒಂದು ಉದ್ದನೆಯ ಕೋಣೆ. ಪಕ್ಕದ ಗರಗಸದಿಂದ ಹಾರಿಬಂದ ಮರದ ಹೊಟ್ಟು ಬೇರಿಂಗುಗಳೊಳಗೆ ಸೇರಿಕೊಳ್ಳುತ್ತಿತ್ತು. ಮೊದಲ ವಾರವೇ ಮನೆಯ ಹೊಲಿಗೆ ಯಂತ್ರದಲ್ಲಿ ಹಳೆಯ ಟಾರ್ಪಾಲನ್ನು ಹೊಲಿದು ತಂದು ಬಾಗಿಲಿಗೆ ಪರದೆ ಕಟ್ಟಿದರು. ಲೇತ್ ಯಂತ್ರದ ಹಿರಿಯರಿಗೆ ಕಣ್ಣು ಮಂಜಾಗಿ ಅಳತೆಪಟ್ಟಿಯ ಗೆರೆ ಕಾಣದಾದಾಗ, ಐದೈದು ಗೆರೆಗೊಂದರಂತೆ ದಪ್ಪ ಕೆಂಪು ಬಣ್ಣ ಬಳಿದು, “ನಂಗೇ ಸರಿಯಾಗಿ ಕಾಣ್ತಿಲ್ಲ, ಅದಕ್ಕೇ ಬಳಿದೆ” ಎಂದುಬಿಟ್ಟರು. ಹಿರಿಯರು ಯಾರ ಮುಂದೆಯೂ ತಲೆ ತಗ್ಗಿಸದೆ ಇನ್ನೂ ಮೂರು ವರ್ಷ ದುಡಿದು ನಿವೃತ್ತರಾದರು.

ನಡುಕ ಹುಡುಕುವ ಅವರ ಕ್ರಮವನ್ನು ನಮ್ಮಲ್ಲಿ ಕಲಿತವರೆಲ್ಲ ನಿದ್ದೆಯಲ್ಲೂ ಒಪ್ಪಿಸಬಲ್ಲರು. ಮೊದಲು ದೊಡ್ಡ ಬ್ಲೇಡುಗಳನ್ನು ಬಿಚ್ಚಿಟ್ಟು ಮೋಟಾರು ಓಡಿಸಿ ನೋಡಬೇಕು. ನಡುಕ ನಿಂತರೆ ತಪ್ಪು ಬ್ಲೇಡಿನದು. ಎರಡನ್ನೂ ತೂಗಿ, ಹಗುರವಾದುದಕ್ಕೆ ಒಂದು ಚೂರು ಟೇಪು ಅಂಟಿಸಿದರೆ ಆಯಿತು. ನಿಲ್ಲದಿದ್ದರೆ ಬಾಲದ ಬ್ಲೇಡು, ಆಮೇಲೆ ಗೇರು, ಆಮೇಲೆ ಬೇರಿಂಗು. ಒಂದು ಸಲಕ್ಕೆ ಒಂದನ್ನೇ ಮುಟ್ಟಬೇಕು, ಎರಡನ್ನು ಒಟ್ಟಿಗೆ ಬದಲಿಸಿದವರಿಗೆ ಅಂದಿನ ಚಹಾ ಇಲ್ಲ. ಕೊನೆಗೆ ಬ್ಲೇಡುಗಳೆರಡನ್ನೂ ಹಿಡಿದಿರುವ ಉಕ್ಕಿನ ಕಡ್ಡಿ, ಅಂದರೆ ಷಾಫ್ಟನ್ನು ಹೊರತೆಗೆದು ಗಾಜಿನ ಮೇಲೆ ಉರುಳಿಸಬೇಕು. ನೇರವಾಗಿದ್ದರೆ ಗಾಜಿಗಂಟಿಕೊಂಡೇ ಸಾಗುತ್ತದೆ. ಬಾಗಿದ್ದರೆ ಅಡಿಯಲ್ಲಿ ಬೆಳಕಿನ ಗೆರೆಯೊಂದು ಬಂದು ಹೋಗುತ್ತದೆ.

ಕೆಟ್ಟ ಭಾಗವನ್ನು ಎಸೆಯುವ ಪದ್ಧತಿ ಅವರಲ್ಲಿರಲಿಲ್ಲ. ಗೋಡೆಯ ಮೊಳೆಗಳಿಗೆ ಅವನ್ನು ತೂಗುಹಾಕಿ, ಏನು ಹಾನಿ, ಯಾರಿಂದ ಎಂದು ಚೀಟಿ ಬರೆದು ಕಟ್ಟುತ್ತಿದ್ದರು. ಇದು ಯಾರನ್ನೂ ಹಂಗಿಸಲಿಕ್ಕಲ್ಲ, ಮುಂದಿನವರು ನೋಡಿ ಕಲಿಯಲಿಕ್ಕೆ ಎಂಬುದು ಅವರ ನಂಬಿಕೆ. ಚೀಟಿಯಲ್ಲಿ ಹೆಸರಿದ್ದವರಿಗೆ ಹಾಗೆ ಅನ್ನಿಸುತ್ತಿತ್ತೇ ಎಂಬುದು ಬೇರೆ ಮಾತು.

ಅವರ ಸೇವೆಯ ಒಂಬತ್ತನೆಯ ವರ್ಷದಲ್ಲಿ ಗೋಡೆಯ ಮೇಲೆ ಒಂದೇ ಹೆಸರಿನ ಚೀಟಿಗಳು ಸಾಲುಗಟ್ಟತೊಡಗಿದವು. ಅದು ಶಾಲೆಯ ಪ್ರದರ್ಶನಗಳಲ್ಲಿ ಹೆಲಿಕಾಪ್ಟರು ಹಾರಿಸುತ್ತಿದ್ದ ಸಹಾಯಕ ಬೋಧಕರ ಹೆಸರು. ಅವರನ್ನು ಎಲ್ಲರೂ ‘ಪೈಲಟ್ಟು’ ಎಂದೇ ಕರೆಯುತ್ತಿದ್ದರು, ಅವರಿಗೂ ಅದು ಹೆಮ್ಮೆ. ಹಾರಿಸುವುದರಲ್ಲಿ ಎತ್ತಿದ ಕೈ. ಆದರೆ ಮೂರು ನಾಲ್ಕು ವಾರಕ್ಕೊಮ್ಮೆ ಯಂತ್ರ ನಡುಗುತ್ತಿತ್ತು, ಡಾಕ್ಟ್ರಮ್ಮ ಷಾಫ್ಟು ಉರುಳಿಸುತ್ತಿದ್ದರು, ಬೆಳಕಿನ ಗೆರೆ ಕಾಣುತ್ತಿತ್ತು. ಹೊಸ ಷಾಫ್ಟು ಹಾಕಿದೊಡನೆ ನಡುಕ ಮಾಯ. ಯಂತ್ರವನ್ನು ನೆಲಕ್ಕೆ ಜೋರಾಗಿ ಕುಕ್ಕಿದ ಹೊರತು ಷಾಫ್ಟು ಬಾಗದು.

“ಅಕ್ಕಾ, ಹೂವಿಟ್ಟಂಗೆ ಇಳಿಸಿದೀನಿ. ನೀವೇ ನೋಡಿದ್ರಲ್ಲ!” ಎಂದು ಪೈಲಟ್ಟು ಅಂಗಲಾಚಿದರು.

“ನೋಡಿದೆ ಕಣಪ್ಪಾ. ಆದ್ರೆ ಗಾಜು ಸುಳ್ಳು ಹೇಳಲ್ಲ” ಎಂದರು ಡಾಕ್ಟ್ರಮ್ಮ.

ಚೀಟಿಗಳು ಹನ್ನೊಂದಾದಾಗ ಮೇಲಿನವರು ಪೈಲಟ್ಟಿನ ಕೈಯಿಂದ ರಿಮೋಟು ಕಿತ್ತುಕೊಂಡು, ಅವರನ್ನು ಉಗ್ರಾಣದಲ್ಲಿ ಸ್ಕ್ರೂ ನಟ್ಟುಗಳ ಡಬ್ಬಿ ಜೋಡಿಸಲು ಹಾಕಿದರು. ಅಲ್ಲಿ ಅವರು ಹದಿನಾಲ್ಕು ತಿಂಗಳು ಕಳೆದರು. ಎದುರಾದರೆ ನಮಸ್ಕಾರ ಹೇಳುತ್ತಿದ್ದರು, ಅಕ್ಕ ಎನ್ನುವುದನ್ನು ಮಾತ್ರ ಬಿಟ್ಟರು. ಅದು ಡಾಕ್ಟ್ರಮ್ಮನ ಕಿವಿಗೆ ಚುಚ್ಚುತ್ತಿತ್ತು.

ಹತ್ತಿರ ಹತ್ತಿರ ಒಂದು ವರ್ಷ ಯಂತ್ರ ಮೂಲೆ ಹಿಡಿದಿತ್ತು. ಆಮೇಲೆ ಹಾರಿಸಲು ಹೊಸಬರು ಬಂದರು, ನಡುಕವೂ ಮತ್ತೆ ಬಂತು. ಎರಡನೆಯ ಸಲ ಬಂದಾಗ ಡಾಕ್ಟ್ರಮ್ಮನ ಮನಸ್ಸಿನಲ್ಲಿ ಹುಳ ಹೊಕ್ಕಿತು. ಇಬ್ಬರು ಬೇರೆ ಬೇರೆ ಮನುಷ್ಯರು ಒಂದೇ ಬಗೆಯಲ್ಲಿ, ಅದೇ ಮೂರು ನಾಲ್ಕು ವಾರದ ಲೆಕ್ಕದಲ್ಲಿ ಹೇಗೆ ಕುಕ್ಕುತ್ತಾರೆ? ಮೂರನೆಯ ಸಲ, ಬೆಳಗಿನ ಹೊತ್ತು, ಹೊಸ ಪ್ಯಾಕೆಟ್ಟನ್ನು ಕತ್ತರಿಸುವಾಗ ಅದರೊಳಗಿನ ಷಾಫ್ಟು ಜಾರಿ ಗಾಜಿನ ಮೇಲೆ ಬಿದ್ದು ಉರುಳಿತು. ಅದರ ಅಡಿಯಲ್ಲೂ ಬೆಳಕಿನ ಗೆರೆ ಬಂದು ಹೋಯಿತು. ಯಾರೂ ಮುಟ್ಟದ, ಎಲ್ಲೂ ಹಾರದ ಷಾಫ್ಟು! ಡಾಕ್ಟ್ರಮ್ಮ ಬಗ್ಗಿ ಗಾಜನ್ನೇ ದಿಟ್ಟಿಸಿದರು.

ಮೊದಲಿನ ದಪ್ಪ ಗಾಜು ಒಡೆದಾಗ, ದುರಸ್ತಿಗೆ ಕಿತ್ತಿದ್ದ ಹಳೆಯ ಕಿಟಕಿಯಿಂದ ಈ ಗಾಜನ್ನು ಆರಿಸಿ ತಂದವರು ಅವರೇ. ಅಂಚು ಉಜ್ಜಿ ನಯ ಮಾಡಿದವರೂ ಅವರೇ. ಅದು ಸಮವಾಗಿದೆಯೇ ಎಂದು ನೋಡುವುದು ಮಾತ್ರ ಅವರಿಗೆ ಹೊಳೆದಿರಲಿಲ್ಲ. ಗೋಡೆಯಿಂದ ಪೈಲಟ್ಟಿನ ಹೆಸರಿದ್ದ ಹನ್ನೊಂದು ಷಾಫ್ಟುಗಳನ್ನು ಬಿಚ್ಚಿಕೊಂಡು, ನೇರ ಪ್ರಾಂಶುಪಾಲರ ಕೋಣೆಗೆ ನುಗ್ಗಿ, ಅವರ ಮೇಜಿನ ದಪ್ಪ ಗಾಜಿನ ಮೇಲಿದ್ದ ಕಡತಗಳನ್ನು ಬದಿಗೆ ಸರಿಸಿ ಒಂದೊಂದಾಗಿ ಉರುಳಿಸಿದರು. ಹತ್ತು ಷಾಫ್ಟು ಗಾಜಿಗಂಟಿಕೊಂಡು ಸಾಗಿದವು. ಒಂದು ಮಾತ್ರ ನಿಜವಾಗಿ ಬಾಗಿತ್ತು.

ಹಾಗಾದರೆ ಷಾಫ್ಟು ಬದಲಿಸಿದಾಗ ನಡುಕ ನಿಲ್ಲುತ್ತಿದ್ದುದೇಕೆ? ಪ್ರತಿ ಪ್ಯಾಕೆಟ್ಟಿನಲ್ಲೂ ಷಾಫ್ಟಿನ ಜೊತೆಗೆ ಅದಕ್ಕೆ ತೊಡಿಸುವ ಎರಡು ರಬ್ಬರ್ ಉಂಗುರಗಳಿರುತ್ತಿದ್ದವು, ಅವೂ ಹೊಸವಾಗುತ್ತಿದ್ದವು. ಡಾಕ್ಟ್ರಮ್ಮ ಬಳಿಯುತ್ತಿದ್ದ ಗ್ರೀಸು ರಬ್ಬರಿಗೆ ಆಗದು. ನಾಲ್ಕು ವಾರದಲ್ಲಿ ಉಂಗುರ ಉಬ್ಬಿ ಮೆತ್ತಗಾಗಿ ಬ್ಲೇಡು ಅಲುಗಾಡುತ್ತಿತ್ತು. ಒಂದು ಸಲಕ್ಕೆ ಒಂದೇ ಎಂದು ಊರಿಗೆಲ್ಲ ಪಾಠ ಹೇಳಿದವರು ತಾವು ಮಾತ್ರ ಪ್ರತಿ ಸಲ ಎರಡನ್ನು ಬದಲಿಸುತ್ತಿದ್ದರು. ಅಂದಿನ ಚಹಾ ಅವರು ಕುಡಿಯಲಿಲ್ಲ.

ಪ್ರಾಂಶುಪಾಲರು ಒಳ್ಳೆಯವರೇ, ಡಾಕ್ಟ್ರಮ್ಮನ ಒಳಿತಿಗೆಂದೇ ಹೇಳಿದರು: “ಮೇಡಂ, ನಿಮ್ಮ ಬಡ್ತಿ ಕಾಗದ ಇದೇ ತಿಂಗಳು ಹೋಗ್ತಾ ಇದೆ. ಸುಮ್ನೆ ಯಾಕೆ ಕೆದಕ್ತೀರಿ? ಏನೋ ಒಂದು ನೆಪ ಹೇಳಿ ಅವರನ್ನ ವಾಪಸ್ ಕರೆಸ್ಕೊಳ್ಳೋಣ.”

“ನೆಪ ಬೇಡ ಸಾರ್. ಅವರ ಹೆಸರು ಕೆಟ್ಟಿದ್ದು ಕಾಗದದ ಮೇಲೆ, ತೊಳೀಬೇಕಾದದ್ದೂ ಕಾಗದದ ಮೇಲೇನೇ.”

ತಪ್ಪು ಯಾರದೆಂದು ಸ್ವಂತ ಕೈಯಲ್ಲಿ ಬರೆದು ಸಹಿ ಹಾಕಿದರು. ಪೈಲಟ್ಟಿಗೆ ರಿಮೋಟು ಮರಳಿತು, ಡಾಕ್ಟ್ರಮ್ಮನ ಬಡ್ತಿ ಎರಡು ವರ್ಷ ತಡವಾಯಿತು. ಅದರ ಬಗ್ಗೆ ಅವರು ಇಂದಿನವರೆಗೂ ತುಟಿ ಬಿಚ್ಚಿದವರಲ್ಲ. ಬಯಲು ಮಾಡಿದ್ದಕ್ಕೆ ಬೈಗುಳ ತಿನ್ನಲು ನಾವು ಸಿದ್ಧರಿದ್ದೇವೆ.

ಅದೇ ಸಂಜೆ ಷಾಫ್ಟುಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಪೈಲಟ್ಟಿನ ಮನೆಯ ಮೆಟ್ಟಿಲು ಹತ್ತಿದರು. ಮೂರನೆಯ ಮಹಡಿ, ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೇ ಹೋದರು. ಬಾಗಿಲು ತೆರೆದವರು ಪೈಲಟ್ಟಿನ ಹೆಂಡತಿ. ಜೋಡಿಸಿದ್ದ ಮಾತೆಲ್ಲ ಅಲ್ಲೇ ಚದುರಿಹೋಯಿತು.

“ತಪ್ಪು ನಂದು ಕಣಮ್ಮಾ. ನಿಮ್ಮೆಜಮಾನ್ರು ಸರಿಯಾಗೇ ಇಳಿಸಿದ್ರು. ಗಾಜೇ ಸರಿ ಇರ್ಲಿಲ್ಲ.”

“ನಾನು ಅವತ್ತೇ ಅಂದೆ” ಎಂದರು ಆಕೆ, ಕಣ್ಣೊರೆಸಿಕೊಳ್ಳುತ್ತ. “ಮಗು ಮಲಗಿದ್ರೆ ಬಾಗ್ಲು ಚಿಲಕಾನೂ ಸದ್ದಿಲ್ದಂಗೆ ಹಾಕೋ ಮನುಷ್ಯ ಇವ್ರು. ಹೆಲಿಕಾಪ್ಟರ್ ಎತ್ತಾಕ್ತಾರಾ?”

ಪೈಲಟ್ಟು ಒಳಗಿನಿಂದ ಬಂದರು. ಕರವಸ್ತ್ರ ಬಿಚ್ಚಿ ಷಾಫ್ಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಬಾಗಿದ್ದ ಒಂದನ್ನು ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ ಮೆಲ್ಲಗೆ, “ಇದೊಂದು ನಂದೇ ಅಕ್ಕಾ. ಒಪ್ಕೋತೀನಿ” ಎಂದರು. ಹದಿನಾಲ್ಕು ತಿಂಗಳ ಮೇಲೆ ಆ ‘ಅಕ್ಕಾ’ ಕೇಳಿ ಡಾಕ್ಟ್ರಮ್ಮ ಅತ್ತೇಬಿಟ್ಟರು.

ಮರುದಿನ ಹೊಸಬರ ಚೀಟಿಗಳ ಜೊತೆಗೆ ಪೈಲಟ್ಟಿನ ಹತ್ತು ಚೀಟಿಗಳೂ ಗೋಡೆಯಿಂದ ಇಳಿದವು. ಅವುಗಳ ಜಾಗದಲ್ಲಿ ಕಿಟಕಿಯ ಗಾಜು ಏರಿತು, ಚೀಟಿಯೊಂದಿಗೆ: ‘ಗಾಜು ಸಮವಿಲ್ಲ. ಗ್ರೀಸು ರಬ್ಬರಿಗೆ ಆಗದು. ಎರಡನ್ನೂ ಪರೀಕ್ಷಿಸದೆ ನಂಬಿದವರು’ ಎಂದು ಬರೆದು, ಕೆಳಗೆ ತಮ್ಮ ಪೂರ್ತಿ ಹೆಸರು ಹಾಕಿದ್ದರು. ಅಂದಿನಿಂದ ನಮ್ಮಲ್ಲಿ ಷಾಫ್ಟು ಉರುಳಿಸುವ ಮುನ್ನ ಗಾಜನ್ನು ಪರೀಕ್ಷಿಸುವುದು ರೂಢಿ. ಆನಂತರದ ಇಪ್ಪತ್ತು ವರ್ಷಗಳಲ್ಲಿ ಕಲಿಯಬಂದ ಪ್ರತಿಯೊಬ್ಬರೂ ಮೊದಲು ಓದಿದ್ದು ಆ ಚೀಟಿಯನ್ನೇ. ತಪ್ಪು ಮಾಡಿದಾಗ ಅಡಗಿಸದೆ ಬಂದು ಹೇಳುವ ಧೈರ್ಯ ಅವರಿಗೆ ಬಂದದ್ದೂ ಅಲ್ಲಿಂದಲೇ.

ಕಳೆದ ವಾರದ ಬೀಳ್ಕೊಡುಗೆಯಲ್ಲಿ, ಈಗ ತಲೆ ನರೆತಿರುವ ಪೈಲಟ್ಟು ಶಾಲೆಯ ಅಂಗಳದಲ್ಲಿ ಹೆಲಿಕಾಪ್ಟರು ಹಾರಿಸಿ, ಡಾಕ್ಟ್ರಮ್ಮ ಕುಳಿತ ಕುರ್ಚಿಯ ಮುಂದೆ ಇಳಿಸಿದರು. ಧೂಳು ಕೂಡ ಏಳಲಿಲ್ಲ.

“ಹೆಂಗಿತ್ತು ಅಕ್ಕಾ?”

“ತಾಳು, ಚೀಟಿ ಬರೀತೀನಿ” ಎಂದರು ಡಾಕ್ಟ್ರಮ್ಮ. ಸಭಿಕರು ನಕ್ಕರು. ಅವರು ಮಾತ್ರ ನಿಜಕ್ಕೂ ಕೈಚೀಲದಿಂದ ಪೆನ್ನು ತೆಗೆದು ಬರೆದು, ಎದ್ದು ಕಾರ್ಯಾಗಾರಕ್ಕೆ ನಡೆದು, ಗಾಜಿನ ಪಕ್ಕದ ಖಾಲಿ ಮೊಳೆಗೆ ತಾವೇ ಸಿಕ್ಕಿಸಿದರು.

ನಮ್ಮ ಡಾಕ್ಟ್ರಮ್ಮ ಆರೋಗ್ಯವಾಗಿ ಬಹುಕಾಲ ಬಾಳಲಿ. ಮನೆಯ ಮುಂದಿನ ಕೋಣೆಯಲ್ಲಿ ಈಗಾಗಲೇ ಹಾಕಿಸಿಕೊಂಡಿರುವ ಮೇಜಿನ ಮೇಲೆ ನಡುಗುವ ಯಂತ್ರಗಳಿಗೆ ಬರವಿಲ್ಲದಿರಲಿ. ದಾರಿ ಮರೆಯದೆ ನಮ್ಮಲ್ಲಿಗೂ ಆಗಾಗ ಬರಲಿ. ಬಂದಾಗ ನೋಡಲು ಅವರ ಕೊನೆಯ ಚೀಟಿ ಆ ಮೊಳೆಯಲ್ಲೇ ಇರುತ್ತದೆ: ‘ಇಳಿಸಿದವರು: ಪೈಲಟ್ಟು. ಹಾನಿ: ಏನೂ ಇಲ್ಲ.’