ಅನ್ನ ಬಿಟ್ಟ ಸೊಸೆಯ ಅತ್ತೆ

ನನ್ನ ಅತ್ತೆಯ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಒಣಗಿದ ಚರ್ಮದ ಹಾಗೆ ಗಟ್ಟಿಯಾಗಿತ್ತು. ಗೆರೆಗಳೆಲ್ಲ ಸವೆದು ಹೋಗಿದ್ದವು. ಆಧಾರ್ ಕಾರ್ಡಿಗೆ ಬೆರಳು ಒತ್ತಿಸಲು ಕರೆದುಕೊಂಡು ಹೋದಾಗ ಯಂತ್ರ ಅವರನ್ನು ಗುರುತಿಸಲೇ ಒಪ್ಪಲಿಲ್ಲ. ಮದುವೆಯಾಗಿ ಬಂದಂದಿನಿಂದ ಅವರು ಕುದಿಯುವ ಕುಚ್ಚಲಕ್ಕಿಯ ಪಾತ್ರೆಗೆ ಸೌಟು ಹಾಕಿ, ನಾಲ್ಕು ಅಗುಳು ಎತ್ತಿ, ಆ ಎರಡು ಬೆರಳುಗಳ ನಡುವೆ ಹಿಸುಕಿ ಬೆಂದಿದೆಯೇ ಎಂದು ನೋಡುತ್ತಿದ್ದರು. ನಾನಾದರೆ ಊದಿ ಊದಿ ಆರಿಸಿ ಮುಟ್ಟುತ್ತಿದ್ದೆ. ಅವರು ಊದಿದ್ದನ್ನು ನಾನು ಕಂಡಿಲ್ಲ.

ನಮ್ಮದು ಮನೆಯಲ್ಲಿ ತುಳು ಮಾತಾಡುವ ಸಂಸಾರ. ತುಳುವಿನಲ್ಲಿ ಅತ್ತೆ ಎಂದರೆ ಮಾಮಿ. ನಾನು ಅವರನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಅವರ ತುಳುವನ್ನು ಇಲ್ಲಿ ಕನ್ನಡಕ್ಕೆ ತರುವಾಗ ಅರ್ಧ ಖಾರ ಸೋರಿಹೋಗುತ್ತದೆ, ಓದುವವರು ಉಳಿದದ್ದನ್ನು ಊಹಿಸಿಕೊಳ್ಳಬೇಕು. ಬಿಕರ್ನಕಟ್ಟೆಯ ನಮ್ಮ ಮನೆಗೆ ಯಾರೇ ಬರಲಿ, ಯಾವ ಹೊತ್ತಿಗೇ ಬರಲಿ, "ಒಂದು ಮುಷ್ಟಿ ಉಂಡು ಹೋಗಿ" ಎನ್ನದೆ ಕಳಿಸಿದವರಲ್ಲ. ಬಾಲ ಯೇಸುವಿನ ಕ್ಷೇತ್ರಕ್ಕೆ ನಡೆದುಕೊಂಡು ಹೋಗುವವರು ಬಿಸಿಲಿಗೆ ಗೇಟಿನ ಹತ್ತಿರ ನಿಂತು ನೀರು ಕೇಳಿದರೆ ಗಂಜಿಯೂ ಉಪ್ಪಿನಕಾಯಿಯೂ ಹೊರಗೆ ಬರುತ್ತಿದ್ದವು. ಅವರ ಲೆಕ್ಕದಲ್ಲಿ ಊಟ ಎಂದರೆ ಅನ್ನ. ಉಳಿದದ್ದೆಲ್ಲ, ಅದು ಕೋಳಿ ಸುಕ್ಕವೇ ಇರಲಿ ಅಂಜಲ್ ಮೀನಿನ ಫ್ರೈಯೇ ಇರಲಿ, ಬಾಯಾಡಿಸುವ ಸಾಮಾನು.

ಇಂಥವರ ಮನೆಯಲ್ಲಿ ಅನ್ನ ಬಿಡುವ ಹಣೆಬರಹ ನನ್ನದಾಯಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಸಕ್ಕರೆ ಕಾಯಿಲೆ ನನಗೆ ಮೊದಲೇ ಇತ್ತು. ಮಾತ್ರೆ ನುಂಗಿ, ದೇಹ ಬೆಳೆಸಿಕೊಂಡು, ಅದನ್ನು ಮರೆತು ಹಾಯಾಗಿದ್ದೆ. ಶಾಲೆಯ ಕ್ರೀಡಾಕೂಟಕ್ಕೆಂದು ಹೊಸ ಚಪ್ಪಲಿ ಹಾಕಿಕೊಂಡು ದಿನವಿಡೀ ಮೈದಾನದಲ್ಲಿ ನಿಂತೆ. ಬಲಗಾಲಿನ ಹಿಮ್ಮಡಿಯನ್ನು ಪಟ್ಟಿ ಕಚ್ಚಿತು. ಚಪ್ಪಲಿ ಕಚ್ಚಿದ್ದಲ್ಲವೇ, ತನ್ನಷ್ಟಕ್ಕೆ ಮಾಯುತ್ತದೆ ಎಂದುಕೊಂಡೆ. ಅದು ಮಾಯಲಿಲ್ಲ. ಮುಲಾಮು ಹಚ್ಚಿದರೆ ಮೇಲೆ ಒಣಗಿದ ಹಾಗೆ ತೋರಿಸಿ ಒಳಗೆ ಮತ್ತೆ ಒದ್ದೆಯಾಗುತ್ತಿತ್ತು.

ನನ್ನ ಅಪ್ಪನ ಕಥೆಯೂ ಹೀಗೇ ಶುರುವಾಗಿತ್ತು. ಅವರಿಗೆ ತಾಗಿದ್ದು ಒಂದು ಮುಳ್ಳು. ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನ ಕೆಳಗೆ. ಕೊನೆಗಾಲದಲ್ಲಿ ಅವರು ಇಲ್ಲದ ಕಾಲನ್ನು ಕೆರೆದುಕೊಳ್ಳಲು ಕೈ ಚಾಚುತ್ತಿದ್ದದ್ದು ನನ್ನ ಕಣ್ಣಿನಿಂದ ಹೋಗಿಲ್ಲ. ಹಾಗಾಗಿ ನನ್ನ ಹಿಮ್ಮಡಿಯ ಗಾಯವನ್ನು ಮನೆಯಲ್ಲಿ ಯಾರಿಗೂ ತೋರಿಸದೆ, ಸಾಕ್ಸ್ ಹಾಕಿ ಮುಚ್ಚಿಕೊಂಡು ತಿರುಗಿದೆ. ಹೆದರಿಕೆಗೆ ಬುದ್ಧಿ ಕಡಿಮೆ.

ಕಂಡುಹಿಡಿದದ್ದು ಅತ್ತೆ. ಮನೆಯೊಳಗೆ ಸಾಕ್ಸ್ ಹಾಕುವ ಚಳಿ ಮಂಗಳೂರಿನಲ್ಲಿ ಯಾವಾಗ ಬಿತ್ತು ಎಂದು ಅವರಿಗೆ ಸಂಶಯ. "ತೆಗಿ ಅದನ್ನು" ಎಂದರು. ತೆಗೆದೆ. ನೋಡಿದವರು ಬಯ್ಯಲಿಲ್ಲ. ಮರುದಿನವೇ ಕಂಕನಾಡಿಯ ಆಸ್ಪತ್ರೆಗೆ ಹೊರಡಿಸಿದರು.

ಡಾಕ್ಟರು ಗಾಯ ತೊಳೆದು ಕಟ್ಟಿದರು. ರಕ್ತದಲ್ಲಿ ಇಷ್ಟು ಸಕ್ಕರೆ ಇಟ್ಟುಕೊಂಡರೆ ಯಾವ ಮುಲಾಮೂ ಕೆಲಸ ಮಾಡುವುದಿಲ್ಲ, ಮೊದಲು ಅದು ಇಳಿಯಬೇಕು ಎಂದರು. ಕೀಟೋ ಎಂಬ ಊಟದ ಕ್ರಮವನ್ನು ನಾನು ಮೊಬೈಲಿನಲ್ಲಿ ಓದಿದ್ದೆ, ಹೆದರುತ್ತಲೇ ಕೇಳಿದೆ. ಅವರು ಕಿಡ್ನಿಯ ರಿಪೋರ್ಟು ನೋಡಿ, "ಪ್ರಯತ್ನ ಮಾಡ್ಬಹುದು. ಆದರೆ ನಿಮ್ಮಷ್ಟಕ್ಕೆ ಮಾತ್ರೆ ಬಿಡ್ಬೇಡಿ. ಎಷ್ಟು ಕಡಿಮೆ ಮಾಡ್ಬೇಕು ಅಂತ ನಾನು ಹೇಳ್ತೇನೆ" ಎಂದು ಕೆಳಗಿನ ಮಹಡಿಯ ಡಯೆಟಿಷಿಯನ್ ಹತ್ತಿರ ಕಳಿಸಿದರು. ಆ ಹುಡುಗಿ ಅನ್ನ, ದೋಸೆ, ಕಡುಬು, ಬೆಲ್ಲ, ಬಾಳೆಹಣ್ಣು ಒಂದೊಂದಾಗಿ ಬೇಡ ಎನ್ನುತ್ತಾ ಹೋದ ಹಾಗೆ ಪಕ್ಕದಲ್ಲಿ ಕೂತ ಅತ್ತೆಯ ಮುಖ ಸಣ್ಣದಾಗುತ್ತಾ ಹೋಯಿತು.

"ಮತ್ತೆ ಇವಳು ಉಣ್ಣುವುದು ಎಂತ?"

"ಮೀನು, ಮೊಟ್ಟೆ, ಕೋಳಿ, ತೆಂಗಿನಕಾಯಿ, ಸೊಪ್ಪು. ಎಣ್ಣೆ ಧಾರಾಳ ಹಾಕಿ ಅಮ್ಮ."

"ಅದೆಲ್ಲ ಅನ್ನದ ಜೊತೆಗೆ ತಿನ್ನುವುದಲ್ವಾ? ಅನ್ನವೇ ಇಲ್ಲದಿದ್ದರೆ ಯಾವುದರ ಜೊತೆಗೆ?"

ಆ ಹುಡುಗಿ ಪಟ್ಟಿ ಬರೆದು ನನ್ನ ಕೈಗೆ ಕೊಟ್ಟಳು.

ಒಂದೆರಡು ದಿನ ಅತ್ತೆ ಮುಖ ಕೊಟ್ಟು ಮಾತಾಡಲಿಲ್ಲ. ಆದರೆ ಬೆಳಿಗ್ಗೆಯ ಡ್ರೆಸ್ಸಿಂಗ್ ಮಾತ್ರ ಅವರೇ ವಹಿಸಿಕೊಂಡರು. ಹಿಮ್ಮಡಿ ನನಗೆ ಕಾಣುವುದಿಲ್ಲ, ಗಂಡನಿಗೆ ಗಾಯ ನೋಡಿದರೆ ತಲೆ ತಿರುಗುತ್ತದೆ. ಮೊದಲ ದಿನ ಅವರು ನೆಲದ ಮೇಲೆ ಮಣೆ ಹಾಕಿ ಕೂತು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ನನ್ನ ಕಾಲನ್ನು ತಮ್ಮ ಮಡಿಲಿಗೆ ಎಳೆದರು. ನಾನು ಸರಕ್ಕನೆ ಹಿಂದಕ್ಕೆ ತೆಗೆದೆ. ಅತ್ತೆಯ ಮಡಿಲಿಗೆ ಸೊಸೆ ಕಾಲು ಚಾಚುವುದುಂಟೇ? ನನಗೆ ಅಳು ಬಂದಿತ್ತು.

"ಕೊಡು ಈಚೆ, ಮಾರಾಯ್ತಿ" ಎಂದರು. "ಅತ್ತೆ ಸೊಸೆ ಅಂತ ಗಾಯಕ್ಕೆ ಗೊತ್ತುಂಟಾ?"

ಅನ್ನ ಹಿಸುಕಿ ನೋಡುತ್ತಿದ್ದ ಆ ಎರಡು ಬೆರಳಿನಲ್ಲೇ ಗಾಯದ ಸುತ್ತ ಮೆಲ್ಲ ಒತ್ತಿ, "ಇಲ್ಲಿ ಗೊತ್ತಾಗ್ತದಾ? ಇಲ್ಲಿ?" ಎಂದು ಕೇಳುತ್ತಾ ಹೋದರು. ಗೊತ್ತಾಗುತ್ತದೆ ಎಂದಾಗಲೆಲ್ಲ ಅವರ ಮುಖ ಅರಳುತ್ತಿತ್ತು. ಅಪ್ಪನಿಗೆ ಕೊನೆಕೊನೆಗೆ ಗೊತ್ತಾಗುತ್ತಿರಲಿಲ್ಲ ಎಂದು ನಾನು ಎಂದೋ ಹೇಳಿದ್ದನ್ನು ಅವರು ನೆನಪಿಟ್ಟುಕೊಂಡಿದ್ದರು. ಗಾಯವನ್ನು ದಿನಾ ಕಣ್ಣಾರೆ ಕಂಡ ಮೇಲೆ ಅನ್ನದ ವಿಷಯದಲ್ಲಿ ಅವರ ತಕರಾರು ತಾನಾಗಿ ನಿಂತಿತು.

ಅನ್ನ ಬಿಟ್ಟ ಮೊದಲ ದಿನಗಳಲ್ಲಿ ನನಗೆ ಭಯಂಕರ ಸುಸ್ತು, ತಲೆನೋವು. ಡಯೆಟಿಷಿಯನ್ನಿಗೆ ಫೋನ್ ಮಾಡಿದರೆ, ಹೀಗಾಗುವುದುಂಟು, ಉಪ್ಪು ಹಾಕಿದ ನೀರು ಕುಡಿಯಿರಿ ಎಂದಳು. ಅಂದಿನಿಂದ ಅತ್ತೆ ಬೆಳಿಗ್ಗೆ ಸಂಜೆ ತಪ್ಪದೆ ಒಂದು ದೊಡ್ಡ ಲೋಟ ತಂದುಕೊಡುತ್ತಿದ್ದರು. ನಾನು ಗಟಗಟನೆ ಕುಡಿಯುತ್ತಿದ್ದೆ. ಕುಡಿದ ಕೂಡಲೇ ಜೀವ ಬಂದ ಹಾಗಾಗುತ್ತಿತ್ತು.

ಸಕ್ಕರೆ ಮಾತ್ರ ಇಳಿಯಲಿಲ್ಲ. ಒಂದು ಅಗುಳು ಮುಟ್ಟದೆ, ಸ್ಟಾಫ್ ರೂಮಿನಲ್ಲಿ ಬಂದ ಹುಟ್ಟುಹಬ್ಬದ ಕೇಕುಗಳನ್ನೆಲ್ಲ ಕಣ್ಣಲ್ಲೇ ತಿಂದು ಬಿಟ್ಟವಳು ನಾನು. ಗಂಡ ಒಂದು ಸಂಜೆ ಪೇಪರಿನಿಂದ ತಲೆ ಎತ್ತದೆ, "ಶಾಲೆಯಲ್ಲಿ ಎಂತಾದ್ರೂ ತಿಂತೀಯಾ?" ಎಂದು ಕೇಳಿದರು. ಕದ್ದು ತಿಂದು ಸಿಕ್ಕಿಬಿದ್ದಿದ್ದರೂ ಅಷ್ಟು ಅವಮಾನವಾಗುತ್ತಿರಲಿಲ್ಲ. ಗಾಯದ ಅಂಚು ಆಗ ಕಪ್ಪಾಗಲು ಶುರುವಾಗಿತ್ತು. ಅಪ್ಪನ ದಾರಿಯಲ್ಲೇ ನಾನೂ ಹೊರಟೆ ಎಂದು ಒಳಗೊಳಗೇ ತೀರ್ಮಾನಿಸಿಬಿಟ್ಟೆ.

ಮತ್ತೆ ಆಸ್ಪತ್ರೆಗೆ ಹೋದೆವು. ಡಯೆಟಿಷಿಯನ್ ಹುಡುಗಿ ತಿನ್ನುವುದನ್ನೆಲ್ಲ ಕೇಳಿ ಮುಗಿಸಿ, ಕುಡಿಯುವುದು ಏನೇನು ಎಂದಳು. ಅತ್ತೆ ಹೆಮ್ಮೆಯಿಂದ ಮುಂದೆ ಬಾಗಿದರು.

"ಉಪ್ಪು ನೀರು ಅಂತ ನೀವು ಹೇಳಿದ್ದಲ್ವಾ? ಬರೀ ನೀರಲ್ಲಿ ಎಂತ ಉಂಟು ಅಂತ ನಾನು ತೆಳಿಗೆ ಉಪ್ಪು ಹಾಕಿ ಕೊಡ್ತೇನೆ."

"ಎಂತ ತೆಳಿ?"

"ಗಂಜಿ ತೆಳಿ. ಬೇರೆ ಎಂತ ತೆಳಿ ಉಂಟು?"

ಹುಡುಗಿ ಪೆನ್ನು ಕೆಳಗಿಟ್ಟಳು. "ಅಮ್ಮಾ, ಅನ್ನ ಬೇಯಿಸಿದ ನೀರು ಅಲ್ವಾ ಅದು? ಅನ್ನದ ಸತ್ವ ಎಲ್ಲ ಅದರಲ್ಲೇ ಇರುವುದಲ್ವಾ?"

"ಅನ್ನ ಬೇರೆ, ತೆಳಿ ಬೇರೆ. ಒಂದು ಅಗುಳಿಲ್ಲ ಅದರಲ್ಲಿ. ಬಟ್ಟೆಯಲ್ಲಿ ಸೋಸಿಯೇ ಕೊಡುವುದು ನಾನು!"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪ್ರತಿ ವರ್ಷ ಮಕ್ಕಳಿಗೆ ಪಿಷ್ಟದ ಪರೀಕ್ಷೆ ಮಾಡಿ ತೋರಿಸುವವಳು ನಾನೇ. ಅದಕ್ಕೆ ಮನೆಯಿಂದ ಬಾಟಲಿಯಲ್ಲಿ ಒಯ್ಯುವುದು ಇದೇ ಗಂಜಿ ತೆಳಿ. ಅಯೋಡಿನ್ ಒಂದು ಹನಿ ಬಿಟ್ಟ ಕೂಡಲೇ ಅದು ಕಡುನೀಲಿಯಾಗುತ್ತದೆ, ಮಕ್ಕಳು ಹೋ ಎನ್ನುತ್ತಾರೆ. ಆದರೆ ನಮ್ಮ ಊರಿನಲ್ಲಿ ಹುಟ್ಟಿದವರಿಗೆ ತೆಳಿ ಎಂದರೆ ಜ್ವರಕ್ಕೆ, ಬಾಣಂತಿಗೆ, ಬಿಸಿಲಿಗೆ ಕೊಡುವ ನೀರು. ಅದೂ ಅನ್ನವೇ ಎಂದು ನನಗೂ ಹೊಳೆಯಲಿಲ್ಲ, ಅತ್ತೆಗೂ ಹೊಳೆಯಲಿಲ್ಲ.

ರಿಕ್ಷಾ ಇಳಿದು ಅತ್ತೆ ಅಂಗಳಕ್ಕೆ ಬಂದ ಮೇಲೆ, "ನಿನ್ನ ಕಾಲಿಗೆ ಔಷಧ ಹಚ್ಚಿದ್ದೂ ನಾನೇ, ಬಾಯಿಗೆ ವಿಷ ಹೊಯ್ದದ್ದೂ ನಾನೇ" ಎಂದರು.

"ನೀವು ಕೊಟ್ರಿ, ಕುಡಿದದ್ದು ನಾನಲ್ವಾ ಮಾಮಿ? ಅದೂ ಇನ್ನೂ ಸ್ವಲ್ಪ ಉಂಟಾ ಅಂತ ಕೇಳಿ ಕೇಳಿ!" ಎಂದೆ. ಅವರು ನಗಲಿಲ್ಲ. ನನಗಂತೂ ಎದೆಯ ಮೇಲಿನ ಕಲ್ಲು ಇಳಿದಿತ್ತು. ತಪ್ಪು ನನ್ನ ರಕ್ತದಲ್ಲಿ ಇರಲಿಲ್ಲ, ಲೋಟದಲ್ಲಿತ್ತು.

ಅಂದಿನಿಂದ ಅತ್ತೆ ಅಡುಗೆಮನೆಯಲ್ಲಿ ಪೊಲೀಸಾದರು. ಕೋಳಿ, ಮೀನಿನ ಗಸಿಗೆ ಮಸಾಲೆ ಅರೆಯುವಾಗ ದಪ್ಪ ಬರಲೆಂದು ಹಾಕುತ್ತಿದ್ದ ಹಿಡಿ ಅಕ್ಕಿ ಹೋಯಿತು, ಸಾಂಬಾರಿನ ಬೆಲ್ಲ ಹೋಯಿತು. ಅಂಗಡಿಯಿಂದ ತಂದ ಇಂಗಿನ ಡಬ್ಬಿಯನ್ನೂ ನನ್ನ ಕೈಗೆ ಕೊಟ್ಟು, "ಓದು, ಇದರಲ್ಲಿ ಎಂತ ಉಂಟು?" ಎನ್ನುತ್ತಿದ್ದರು. ಇಂಗಿನಲ್ಲಿ ಮೈದಾ ಇರುತ್ತದೆ ಎಂದು ಗೊತ್ತಾದ ದಿನ ಆ ಕಂಪನಿಯವನ ವಂಶವನ್ನೇ ಜಾಲಾಡಿದರು. ಮೊಟ್ಟೆಯನ್ನು ತೆಂಗಿನಹಾಲಿನಲ್ಲಿ ಕಡೆದು, ಕಾವಲಿಗೆ ತೆಳ್ಳಗೆ ಹೊಯ್ದು, ನೀರುದೋಸೆಯಂತೆಯೇ ಮಡಚಿ ತಟ್ಟೆಗೆ ಹಾಕಿ, "ಕಳ್ಳ ನೀರುದೋಸೆ" ಎಂದು ಹೆಸರಿಟ್ಟರು. ಬೂತಾಯಿ ಮೀನಿನ ಹುಳಿಖಾರದ ಪುಳಿಮುಂಚಿಯ ಜೊತೆ ಅದನ್ನು ತಿಂದವಳಿಗೆ ಅನ್ನದ ನೆನಪೇ ಆಗಲಿಲ್ಲ ಎಂದರೆ ಸುಳ್ಳಾದೀತು, ಆದರೆ ಹೊಟ್ಟೆ ತುಂಬಿತು.

ಒಂದು ರಜೆಯ ದಿನ ಮಧ್ಯಾಹ್ನ ಬಟ್ಟೆ ಒಣಗಿಸಲೆಂದು ಹಿತ್ತಿಲಿಗೆ ಹೋದೆ. ಒಗೆಯುವ ಕಲ್ಲಿನ ಮರೆಯಲ್ಲಿ, ಸೆರಗು ಮುಂದಕ್ಕೆ ಎಳೆದುಕೊಂಡು, ಅತ್ತೆ ಕುಕ್ಕುರುಗಾಲಿನಲ್ಲಿ ಕೂತಿದ್ದರು. ಕೈಯಲ್ಲಿ ಗಂಜಿಯ ಬಟ್ಟಲು. ನನ್ನನ್ನು ಕಂಡು ಬಟ್ಟಲನ್ನು ಸೆರಗಿನೊಳಗೆ ಅಡಗಿಸಿದರು, ಕದ್ದು ಮಾವಿನಕಾಯಿ ತಿನ್ನುವ ಮಕ್ಕಳ ಹಾಗೆ.

"ಎಂತ ಮಾಮಿ ಇದು? ನಿಮ್ಮ ಮನೆ, ನಿಮ್ಮ ಗಂಜಿ! ಒಳಗೆ ಕೂತು ಉಣ್ಣಿ."

"ವಾಸನೆ ಬಂದ್ರೆ ನಿನಗೆ ಆಸೆ ಆಗ್ತದಲ್ಲ" ಎಂದರು. "ನನಗೆ ಇದಿಲ್ಲದೆ ಆಗುವುದಿಲ್ಲ. ನಿನ್ನ ಎದುರು ಉಣ್ಣಲಿಕ್ಕೂ ಆಗುವುದಿಲ್ಲ. ಇಲ್ಲಿ ಯಾರಿಗೆ ತೊಂದರೆ?"

ನನ್ನ ಗಂಡ ನನ್ನ ಮೇಲೆ ಪಟ್ಟ ಸಂಶಯ ಕಡೆಗೂ ನಿಜವಾಗಿತ್ತು: ಮನೆಯಲ್ಲಿ ಕದ್ದು ಅನ್ನ ತಿನ್ನುವವರು ಒಬ್ಬರಿದ್ದರು! ಕೈ ಹಿಡಿದು ಒಳಗೆ ಕರೆತಂದು, ನನ್ನ ಪಕ್ಕದಲ್ಲೇ ಕೂರಿಸಿ ಉಣ್ಣಿಸಿದೆ. ಗಂಜಿಯ ಪರಿಮಳ ಮೂಗಿಗೆ ಬಂದದ್ದು ಹೌದು. ಆಸೆಯಾದದ್ದೂ ಹೌದು. ಆದರೂ ಆ ಊಟದಷ್ಟು ಸಮಾಧಾನದ ಊಟವನ್ನು ನಾನು ಮಾಡಿಲ್ಲ.

ಅತ್ತೆಯ ತಮ್ಮ ಆಗಾಗ ಮನೆಗೆ ಬರುತ್ತಿದ್ದರು. ನನ್ನ ಗಂಡನ ಸೋದರಮಾವ, ಸಂಸಾರದಲ್ಲಿ ಅವರ ಮಾತೇ ಮಾತು. ನನ್ನ ತಟ್ಟೆ ನೋಡಿ ಅವರಿಗೆ ಸಿಟ್ಟು ಬಂತು. "ಇದೆಂತ ಹೊಸ ಶೋಕಿ? ಅನ್ನ ಬಿಟ್ಟವರ ಮನೆಯಲ್ಲಿ ಲಕ್ಷ್ಮಿ ನಿಲ್ತಾಳಾ ಅಕ್ಕ?" ಎಂದರು.

ತಮ್ಮನಿಗೆ ಎದುರಾಡಿದವರೇ ಅಲ್ಲ ಅತ್ತೆ. ಅವತ್ತು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. "ಲಕ್ಷ್ಮಿ ಬರ್ಲಿ, ಬಾರದೆ ಇರ್ಲಿ. ಬಂದ ಸೊಸೆ ಉಳೀಬೇಕಲ್ಲ ಮಾರಾಯ!" ಎಂದರು. ಸೋದರಮಾವ ಚಾ ಕುಡಿದು ಎದ್ದು ಹೋದರು.

ಸಕ್ಕರೆ ಇಳಿಯಿತು. ಡಾಕ್ಟರು ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುತ್ತಾ ಬಂದರು. ಮೈ ಹಗುರವಾಗಿ, ಕದ್ರಿ ಗುಡ್ಡದ ಮೆಟ್ಟಿಲು ಹತ್ತುವಾಗ ಏದುಸಿರು ನಿಂತಿತು. ಗಾಯದ ತಳದಲ್ಲಿ ಮೊದಲು ಕೆಂಪು ಮಾಂಸ ಕಂಡಿತು, ಆಮೇಲೆ ಅಂಚಿನಿಂದ ತೆಳ್ಳನೆಯ ಗುಲಾಬಿ ಚರ್ಮ ಮೆಲ್ಲನೆ ಒಳಗೆ ಬಂತು. ಇದೆಲ್ಲ ನನಗೆ ಅತ್ತೆಯ ಬಾಯಿಯಿಂದ ತಿಳಿಯುತ್ತಿದ್ದ ಸುದ್ದಿ. ಒಂದು ಬೆಳಿಗ್ಗೆ ಅವರು ಹತ್ತಿ ಒತ್ತಿ ತೆಗೆದು, ಕನ್ನಡಕದ ಹತ್ತಿರ ಹಿಡಿದು, ತಿರುಗಿಸಿ ನೋಡಿದರು. ಹತ್ತಿ ಒಣಗಿಯೇ ಇತ್ತು. "ಮುಚ್ಚಿತು ಮಗಳೇ" ಎಂದವರು ನನ್ನ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತುಬಿಟ್ಟರು. ನಾನೂ ಕಾಲು ಹಿಂದಕ್ಕೆ ತೆಗೆಯಲಿಲ್ಲ. ಶಾಲೆಗೆ ಆ ದಿನ ತಡವಾಯಿತು, ಆಗಲಿ ಎಂದುಕೊಂಡೆ. ಅಪ್ಪ ಹೋದ ಮೇಲೆ ಮೊದಲ ಸಲ ನನ್ನ ಕಾಲುಗಳು ನನ್ನವು ಎನ್ನಿಸಿತ್ತು.

ಅತ್ತೆ ತೀರಿಕೊಂಡದ್ದು ಇದಾಗಿ ಸುಮಾರು ಸಮಯವಾದ ಮೇಲೆ. ಹೃದಯ ದಣಿದಿದೆ ಎಂದು ಡಾಕ್ಟರು ಹೇಳಿದ್ದರು. ಹೆಚ್ಚು ನರಳಲಿಲ್ಲ, ಮಧ್ಯಾಹ್ನ ಮಲಗಿದವರು ಚಾದ ಹೊತ್ತಿಗೆ ಏಳಲಿಲ್ಲ.

ಉತ್ತರಕ್ರಿಯೆಗೆ ನಮ್ಮಲ್ಲಿ ಬೊಜ್ಜ ಎನ್ನುತ್ತಾರೆ. ಆ ದಿನದ ಊಟ ಹೋದವರ ಹೆಸರಿನ ಊಟ. ಮನೆಯ ಸೊಸೆ ಎಲೆಯ ಮುಂದೆ ಕೂತು ಅನ್ನ ಬೇಡ ಎನ್ನುವ ಹಾಗಿಲ್ಲ. ಅತ್ತೆಗಾಗಿ ಇವತ್ತು ಉಣ್ಣುತ್ತೇನೆ, ಏನಾದರಾಗಲಿ ಎಂದು ಗಟ್ಟಿ ಮನಸ್ಸು ಮಾಡಿ ಕೂತೆ. ಬಡಿಸುವವನು ಅನ್ನದ ಬುಟ್ಟಿ ಹಿಡಿದು ನನ್ನ ಎಲೆಗೆ ಬಾಗಿದ.

"ಅವಳಿಗೆ ಹಾಕ್ಬೇಡ!"

ಎದುರು ಸಾಲಿನಿಂದ ಸೋದರಮಾವ. ಚಪ್ಪರದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬುಟ್ಟಿ ಹಿಡಿದವನು ಬಾಗಿದಲ್ಲೇ ನಿಂತ.

"ಅಕ್ಕ ನನ್ನ ಕೈಯಲ್ಲಿ ಮಾತು ತಕ್ಕೊಂಡಿದ್ದಾಳೆ" ಎಂದರು. ಅವರ ಕಣ್ಣು ಎಲೆಯ ಮೇಲೆಯೇ ಇತ್ತು. "ನನ್ನ ಬೊಜ್ಜದಲ್ಲಿ ನನ್ನ ಹೆಸರು ಹೇಳಿ ನನ್ನ ಸೊಸೆಗೆ ಯಾರೂ ಅನ್ನ ಹಾಕ್ಬಾರ್ದು, ನೀನು ನೋಡ್ಕೋ ಅಂತ. ಒಳಗೆ ಮೊಟ್ಟೆಯದ್ದು ಎಂತದೋ ಬೇರೆ ಮಾಡ್ಸಿದ್ದೇನೆ, ತಂದು ಬಡ್ಸಿ."

ನನ್ನ ಎಲೆಯ ಮೇಲೆ ಕಣ್ಣೀರು ತೊಟ್ಟಿಕ್ಕಿತು. ಬಡಿಸುವವನು ಬುಟ್ಟಿಯನ್ನು ಎತ್ತಿಕೊಂಡು ಪಕ್ಕದ ಎಲೆಗೆ ಹೋದ.