ಎಲ್ಲರೂ ಜಯನಗರದವರೇ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಜಯನಗರ ಎನ್ನುವುದು ಬಡಾವಣೆಯ ಹೆಸರಲ್ಲ, ಬಿರುದು. ಜೆ.ಪಿ. ನಗರದವರು ‘ಜಯನಗರದ ಪಕ್ಕ’ ಎನ್ನುತ್ತಾರೆ. ಬಿ.ಟಿ.ಎಂ. ಲೇಔಟಿನವರು ಆ ‘ಪಕ್ಕ’ವನ್ನೂ ಬಿಟ್ಟುಬಿಡುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ನನಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೂ ಏನೂ ಅರಿಯದವಳಂತೆ ಕಂಪ್ಯೂಟರ್ ಪ್ರೋಗ್ರಾಂ ಬರೆದೆ.

ನಮ್ಮ ರಕ್ತದಾನಿಗಳ ಸಂಘದ ಅಧ್ಯಕ್ಷರಿಗೆ ಒಂದು ದಿನ ಜ್ಞಾನೋದಯವಾಗಿ, ದಾನಿಗಳ ವಿವರವೆಲ್ಲ ಕ್ಲೌಡಿಗೆ ಏರಬೇಕು ಎಂದರು. ಏಕೆ ಎಂದು ಕೇಳಿದರೆ, “ಈಗ ಎಲ್ಲಾರ್ದೂ ಅಲ್ಲೇ ಇರೋದಮ್ಮ” ಎಂದರು. ಸಾಫ್ಟ್‌ವೇರ್ ಗೊತ್ತಿದ್ದವಳು ಸಂಘದಲ್ಲಿ ನಾನೊಬ್ಬಳೇ ಆದ್ದರಿಂದ ಬಿಟ್ಟಿ ಚಾಕರಿ ನನ್ನ ಕುತ್ತಿಗೆಗೆ ಬಿತ್ತು. ದಾನಿಗಳು ತಮ್ಮ ರಕ್ತದ ಗುಂಪು, ಬಡಾವಣೆ, ಫೋನ್ ನಂಬರುಗಳನ್ನು ತಾವೇ ಮೊಬೈಲಿನಲ್ಲಿ ತುಂಬಿದರು. ನಾನು ಅಂಗೈಯಗಲದ ಪ್ರೋಗ್ರಾಂ ಒಂದನ್ನು ಬರೆದೆ. ಯಾವ ಗುಂಪು, ಯಾವ ಬಡಾವಣೆ ಎಂದು ಹೇಳಿದರೆ ಸಾಕು, ಕ್ಲೌಡಿನ ಹೆಸರಲ್ಲಿ ಮುಂಬೈಯಲ್ಲೆಲ್ಲೋ ಕೂತಿರುವ ಡೇಟಾಬೇಸನ್ನು ಕೇಳಿ, ಎರಡಕ್ಕೂ ಹೊಂದುವವರನ್ನು ತಂದು ತೋರಿಸುತ್ತದೆ. ಸಭೆಯಲ್ಲಿ ಚಪ್ಪಾಳೆ ಬಿತ್ತು, ಖಾರಾಬಾತ್ ಬಂತು. ಅದನ್ನು ಬಳಸಬೇಕಾದ ಗಂಡಾಂತರ ಮಾತ್ರ ಮೊದಲು ನನಗೇ ಬಂತು.

ಅಕ್ಕನಿಗೆ ಜಯನಗರದ ಆಸ್ಪತ್ರೆಯೊಂದರಲ್ಲಿ ಗರ್ಭಕೋಶದ ಆಪರೇಷನ್ ಆಗಬೇಕಿತ್ತು. ಅವಳದು ಓ ನೆಗೆಟಿವ್. ಸ್ವಭಾವದಂತೆಯೇ ರಕ್ತವೂ ಬೇರೆಯವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆಪರೇಷನ್ನಿನ ದಿನ ಬೆಳಿಗ್ಗೆ ಇದ್ದಕ್ಕಿದ್ದಂತೆ ರಕ್ತಸ್ರಾವ ಹೆಚ್ಚಾಯಿತು. “ಬ್ಲಡ್ ಬ್ಯಾಂಕಲ್ಲಿ ಇರೋದು ಸಾಲಲ್ಲ, ಬೇಗ ಒಬ್ರು ಡೋನರ್ ಕರ್ಕೊಂಡು ಬನ್ನಿ” ಎಂದರು ಡಾಕ್ಟರು, ಬರುವಾಗ ಒಂದು ಕಟ್ಟು ಕೊತ್ತಂಬರಿ ತನ್ನಿ ಎನ್ನುವಷ್ಟು ಸಲೀಸಾಗಿ. ನಾನು ಅಲ್ಲೇ ಕೂತು ಲ್ಯಾಪ್‌ಟಾಪ್ ತೆರೆದು ‘ಓ ನೆಗೆಟಿವ್, ಜಯನಗರ’ ಎಂದು ಕೊಟ್ಟೆ. ಕಣ್ಣು ಮಿಟುಕಿಸುವುದರೊಳಗೆ ನನ್ನ ಪ್ರಶ್ನೆ ಮುಂಬೈಗೆ ಹೋಗಿ ಮೂವರನ್ನು ಹಿಡಿದು ತಂದಿತು. ಆ ಭಯದಲ್ಲೂ ಭಾವನ ಎದುರು ಸ್ವಲ್ಪ ಬೀಗಿದೆ.

ಫೋನ್ ಮಾಡಿದರೆ, ಮೊದಲನೆಯವರು ಇದ್ದದ್ದು ಬೊಮ್ಮನಹಳ್ಳಿಯಲ್ಲಿ. ಮತ್ತೆ ಜಯನಗರ ಎಂದು ಹಾಕಿದ್ದೇಕೆ ಎಂದರೆ, “ನಮ್ ಮಿಸೆಸ್ ತೌರ್ಮನೆ ಅಲ್ಲೇ ಅಲ್ವಾ ಮೇಡಂ” ಎಂದರು. ಸಾಲದ್ದಕ್ಕೆ ಆಗಷ್ಟೇ ಡೆಂಗಿಯಿಂದ ಎದ್ದಿದ್ದರು. ಎರಡನೆಯವರದು ಬಿ.ಟಿ.ಎಂ. ಲೇಔಟ್. ಅದೂ ಜಯನಗರವೇ ಎಂದು ವಾದ ಮಾಡಿ, ಗೆದ್ದು, ಆಮೇಲೆ ತಾವೀಗ ತಿರುಪತಿಯಲ್ಲಿ ಕ್ಯೂ ನಿಂತಿರುವುದಾಗಿ ತಿಳಿಸಿದರು. ನಿಜವಾದ ಜಯನಗರದವರು ಒಬ್ಬರೂ ಇರಲಿಲ್ಲ. ಅಂಥ ವಿಳಾಸ ಇಟ್ಟುಕೊಂಡ ಮೇಲೆ ಬೇರೆ ಪುಣ್ಯ ಯಾಕೆ ಬೇಕು?

ಮೂರನೆಯವರು ಊರ ದಕ್ಷಿಣದ ಅಂಚಿನ ಅಂಜನಾಪುರದವರು. ಹಳೇ ಹಳ್ಳಿಯ ಜಮೀನುದಾರರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆ ಬೆಳೆಯುತ್ತಾರೆ.

“ಅಂಜನಾಪುರ ಅಂದ್ರೆ ಬಾಡಿಗೆಗೆ ಬರೋರು ಅಲ್ಲಿಗೆ ಬಸ್ ಇದ್ಯಾ ಅಂತಾರೆ ಮೇಡಂ. ಅದಕ್ಕೇ ಎಲ್ಲಾ ಕಡೆ ಜಯನಗರ ಅಂತ ಹಾಕೋದು ಅಭ್ಯಾಸ ಆಗೋಯ್ತು.”

ನನಗೆ ರೇಗಿಹೋಯಿತು. “ನಿಮ್ಮ ಒಣಜಂಬಕ್ಕೆ ನಮ್ಮಕ್ಕನ ಪ್ರಾಣ ಹೋಗ್ಬೇಕಾ?” ಎಂದು ಕಾರಿಡಾರಿನಲ್ಲೇ ಕಿರುಚಿದೆ.

ಆ ಕಡೆ ಕೀಲಿಗೊಂಚಲಿನ ಸದ್ದಾಯಿತು. ಆಮೇಲೆ, “ಗಾಡಿ ತೆಗೀತಿದೀನಿ, ಇರಿ” ಎಂದರು.

ಅವರು ಬರಬೇಕಾದ ಕನಕಪುರ ರಸ್ತೆಯ ಟ್ರಾಫಿಕ್ಕಿಗೆ ಕ್ಲೌಡು ಗಿಲೌಡು ಏನೂ ತಿಳಿಯದು. ಭಾವ ಗೇಟಿಗೂ ವಾರ್ಡಿಗೂ ಅಲೆದಾಡಿದರು. ದೇವರನ್ನು ನಂಬದ ನಾನು ಬನಶಂಕರಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚುತ್ತೇನೆಂದು ಹರಕೆ ಹೊತ್ತೆ. ಕೊನೆಗೂ ಅವರು ಬಂದರು, ಮೈಯೆಲ್ಲ ಧೂಳು ಮಾಡಿಕೊಂಡು. ಬಂದವರೇ ಅಂಗಿಯ ತೋಳು ಮಡಚಿದರು.

ಆಪರೇಷನ್ ಮುಗಿದು ಅಕ್ಕ ಉಳಿದುಕೊಂಡಳು ಎಂದು ಡಾಕ್ಟರು ಹೇಳುವವರೆಗೂ ಅವರು ಮನೆಗೆ ಹೋಗಲಿಲ್ಲ. ನಾನು ಅತ್ತೆ. ಅತ್ತು ಮುಗಿದ ಮೇಲೆ ಹಾಳು ಬುದ್ಧಿ ಎಲ್ಲಿಗೆ ಹೋಗುತ್ತದೆ?

“ಸಾರ್, ನಿಮ್ಮ ಅಡ್ರೆಸ್ ಸರಿ ಮಾಡ್ಬಿಡ್ತೀನಿ. ಅಂಜನಾಪುರ ಅಂತ.”

“ಮಾಡಿ ಮೇಡಂ, ನಂದೇ ತಪ್ಪು,” ಎಂದು ಹೆಲ್ಮೆಟ್ ಎತ್ತಿಕೊಂಡರು. “ಆದ್ರೆ ಒಂದ್ಮಾತು. ಮೊದ್ಲೇ ಅಂಜನಾಪುರ ಅಂತ ಹಾಕಿದ್ದಿದ್ರೆ, ಇವತ್ತು ನೀವು ನಂಗೆ ಫೋನ್ ಮಾಡ್ತಿದ್ರಾ?”

ಪ್ರೋಗ್ರಾಂ ಬರೆದವಳು ನಾನು. ಜಯನಗರದವರೇ ಬೇಕು ಎಂದು ಕೇಳಿದವಳೂ ನಾನೇ.

“ಇಲ್ಲ ಸಾರ್” ಎಂದೆ.