ಎತ್ತುವ ಮೊದಲು ಕೇಳಿ

ನನ್ನ ದನಿ ಆರಡಿ, ನಾನು ಮೂರೂವರೆ. ದುಬೈಯ ಒಂದು ಹೋಟೆಲಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದ ಕಾಲದಲ್ಲಿ ಈ ವ್ಯತ್ಯಾಸ ಯಾರಿಗೂ ತಿಳಿಯುತ್ತಿರಲಿಲ್ಲ. ಒಮ್ಮೆ ಒಬ್ಬ ಅತಿಥಿ ಫೋನಿನಲ್ಲಿ ನನ್ನೊಡನೆ ಜಗಳವಾಡಿ, ಎದುರೇ ನೋಡಿಕೊಳ್ಳುತ್ತೇನೆ ಎಂದು ಕೆಳಗೆ ಇಳಿದು ಬಂದ. ಬಾಗಿಲು ತೆರೆದವನು ಮೊದಲು ನನ್ನ ತಲೆಯ ಮೇಲಿನ ಗೋಡೆಯನ್ನು ಚೆನ್ನಾಗಿ ಗದರಿಸಿದ. ಆಮೇಲೆ ಕೆಳಗೆ ನೋಡಿ, ಸಾರಿ ಹೇಳಿ, ಜೇಬಿನಿಂದ ಒಂದು ಚಾಕಲೇಟ್ ತೆಗೆದು ಕೊಟ್ಟು ಹೋದ. ನನಗಾಗ ನಲವತ್ತು ದಾಟಿತ್ತು.

ಚಾಕಲೇಟ್ ಕೊಡುವವರ ಮೇಲೆ ನನಗೆ ಸಿಟ್ಟಿಲ್ಲ, ಚಾಕಲೇಟ್ ತಿನ್ನಬಹುದು. ನನ್ನ ಸಿಟ್ಟೆಲ್ಲ ಎತ್ತುವವರ ಮೇಲೆ. ಊರಲ್ಲಿ ಬಸ್ಸಿನ ಕಂಡಕ್ಟರ್ ನನ್ನನ್ನು ಹಲಸಿನಹಣ್ಣಿನ ಹಾಗೆ ಎತ್ತಿ ಒಳಗಿಡುತ್ತಿದ್ದ. ಮದುವೆ ಮನೆಗಳಲ್ಲಿ ಗುರುತಿಲ್ಲದ ಮಾವಂದಿರು ಫೋಟೊಕ್ಕೆಂದು ಎತ್ತಿಕೊಳ್ಳುತ್ತಿದ್ದರು. ಎತ್ತುವವರೆಲ್ಲ ಒಳ್ಳೆಯವರೇ, ಅದೇ ತೊಂದರೆ. ಕೆಟ್ಟವರು ದೂರ ನಿಂತು ನಗುತ್ತಾರೆ, ಅವರಿಗೆ ಬಾಯಿ ತುಂಬ ಬೈಯಬಹುದು. ಒಳ್ಳೆಯವರ ಕಂಕುಳಲ್ಲಿ ಸಿಕ್ಕಿಕೊಂಡಾಗ ಬೈಯಲಿಕ್ಕೂ ಉಸಿರಿರುವುದಿಲ್ಲ.

ನಮ್ಮ ಕನ್ನಡ ಸಂಘದ ನಾಟಕಗಳಿಗೆ ಒಬ್ಬರು ಖಾಯಂ ನಿರ್ದೇಶಕರಿದ್ದರು. ಹಗಲು ಒಂದು ಕಟ್ಟಡ ಕಂಪನಿಯಲ್ಲಿ ಸಿಮೆಂಟು, ಕಬ್ಬಿಣ ಖರೀದಿಸುವ ಮ್ಯಾನೇಜರು, ಸಂಜೆ ಕಲೆ. ಉಡುಪಿ ಕಡೆಯವರು. ಅವರು ಅಷ್ಟರವರೆಗೆ ನನಗೆ ಕೊಟ್ಟದ್ದು ವಾಮನ, ಮತ್ತೆ ವಾಮನ, ಒಂದು ಸಲ ಮೀಸೆ ಬೋಳಿಸಿ ಬಾಲಕೃಷ್ಣ. ಮೆಟ್ರೊ ಬಂದು ಕೆಲವು ವರ್ಷವಾಗಿದ್ದಾಗ ಒಂದು ದಿನ ಅವರು ಅಲ್ ನಹ್ದಾದ ನಮ್ಮ ಫ್ಲ್ಯಾಟಿಗೆ ಬಂದು, ಚಹಾ ಕುಡಿಯುವ ಮೊದಲೇ, ಇಂಟರ್‌ನೆಟ್ಟಿನಲ್ಲಿ ನಿಮಗೇ ಹೇಳಿ ಮಾಡಿಸಿದ ಪಾತ್ರ ಸಿಕ್ಕಿದೆ ಎಂದರು. ಹಿಂದೆ ಇಂಗ್ಲೆಂಡಿನ ರಾಣಿಯ ಕಾಲದಲ್ಲಿ ಒಬ್ಬ ನಟನಿದ್ದನಂತೆ, ನನ್ನ ಜಾತಿಯವನು. ಜಾತಿ ಎಂದರೆ ಎತ್ತರದಲ್ಲಿ. ಮಾತು ಸರಿಯಾಗಿ ಬರುವ ಮೊದಲೇ ಒಬ್ಬ ಪ್ರದರ್ಶನದ ಧಣಿ ಅವನನ್ನು ಮನೆಯಿಂದ ಕರೆದೊಯ್ದು, ಹಾಡು, ಕುಣಿತ, ಅಣಕ ಎಲ್ಲ ಕಲಿಸಿ, ವಯಸ್ಸು ಹೆಚ್ಚು ಹೇಳಿಸಿ, ಹಡಗು ಹತ್ತಿಸಿ ಇಂಗ್ಲೆಂಡಿಗೆ ತಂದು, ರಾಣಿಯ ಎದುರು ನಿಲ್ಲಿಸಿದ. ಆಮೇಲೆ ಅವನಿಗೆ ಸಾರೋಟು, ಬಂಗಲೆ, ಅವನಷ್ಟೇ ಎತ್ತರದ ಹೆಂಡತಿ, ಮದುವೆಗೆ ಊರಿಗೆ ಊರೇ. ಕೊನೆಕೊನೆಗೆ ದಪ್ಪಗಾದನಂತೆ, ಗಡ್ಡವನ್ನೂ ಬಿಟ್ಟನಂತೆ.

ದಪ್ಪಗಾದದ್ದು ಏಕೆಂದು ನಿರ್ದೇಶಕರಿಗೆ ಗೊತ್ತಿರಲಿಲ್ಲ. ನನಗೆ ಕೇಳಿದ ಕೂಡಲೇ ಗೊತ್ತಾಯಿತು. ಎತ್ತುವವರಿಗೆ ಭಾರವಾಗಬೇಕಲ್ಲ!

ಪಾತ್ರ ನನಗೆ ಹಿಡಿಸಿತು. ಒಂದೇ ಕೊಕ್ಕೆ: ಮೊದಲ ದೃಶ್ಯದಲ್ಲೇ ಧಣಿ ನನ್ನನ್ನು ಎತ್ತಿ, ಅಂಗೈ ಮೇಲೆ ನಿಲ್ಲಿಸಿಕೊಂಡ ಹಾಗೆ ಜನರಿಗೆ ತೋರಿಸಬೇಕು. ನಾನು ಆಗುವುದಿಲ್ಲ ಎಂದೆ. ನಿರ್ದೇಶಕರು ಇತಿಹಾಸದಲ್ಲಿ ಉಂಟು ಮಾರಾಯ್ರೆ ಎಂದರು. ಹಾಗಾದರೆ ಇತಿಹಾಸವನ್ನೇ ಎತ್ತಿಕೊಳ್ಳಿ ಎಂದೆ. ಅಡುಗೆಮನೆಯಿಂದ ಹೆಂಡತಿ ಕೆಮ್ಮಿದಳು. ನನ್ನ ಹೆಂಡತಿ ನನಗಿಂತ ಎತ್ತರ. ಆದರೆ ಸಿಟ್ಟಿನಲ್ಲಿ ನಾನೇ ಎತ್ತರ ಎಂದು ಅವಳೇ ಎಲ್ಲರಿಗೂ ಹೇಳುತ್ತಾಳೆ.

ಆದರೆ ವಿಷಯ ನನ್ನ ಸಿಟ್ಟಿನದಲ್ಲ, ನನ್ನ ಮಗಳದು. ಅವಳಿಗೆ ಹತ್ತು ವರ್ಷ. ಹಿಂದಿನ ವರ್ಷವಷ್ಟೇ ಎತ್ತರದಲ್ಲಿ ನನ್ನನ್ನು ದಾಟಿದ್ದಳು. ದಾಟಿದ ದಿನ ನಾವು ಐಸ್‌ಕ್ರೀಂ ತಿಂದಿದ್ದೆವು. ಅವಳು ಚಿಕ್ಕವಳಿದ್ದಾಗ ನಮ್ಮ ಕಟ್ಟಡದ ಲಿಫ್ಟಿನಲ್ಲಿ ನಮ್ಮ ಮಹಡಿಯ ಗುಂಡಿ ನನಗೂ ಎಟುಕುತ್ತಿರಲಿಲ್ಲ, ಅವಳಿಗೂ ಎಟುಕುತ್ತಿರಲಿಲ್ಲ. ನಾನು ಅವಳನ್ನು ಎತ್ತುತ್ತಿದ್ದೆ, ಅವಳು ಒತ್ತುತ್ತಿದ್ದಳು. ಇಬ್ಬರೂ ಸೇರಿ ಒಬ್ಬ ಸರಿಯಾದ ಮನುಷ್ಯ ಆಗುತ್ತಿದ್ದೆವು. ಈಗ ಅವಳೊಬ್ಬಳೇ ಒತ್ತುತ್ತಿದ್ದಳು, ನಾನು ಪಕ್ಕದಲ್ಲಿ ನಿಂತು ಕನ್ನಡಿ ನೋಡುತ್ತಿದ್ದೆ.

ನಾಟಕ ಅವಳ ಶಾಲೆಯ ಸಭಾಂಗಣದಲ್ಲೇ ಎಂದು ಗೊತ್ತಾದಾಗ ಅವಳ ಮುಖ ಸಣ್ಣದಾಯಿತು. ಅವಳ ಕ್ಲಾಸಿನ ಅರ್ಧ ಮಕ್ಕಳು ನಮ್ಮ ಸಂಘದವರ ಮಕ್ಕಳೇ. ಎರಡು ದಿನ ಬಿಟ್ಟು, ಹೋಮ್‌ವರ್ಕ್ ಮಾಡುತ್ತಲೇ ಕೇಳಿದಳು: "ಅಪ್ಪಾ, ವಿಲ್ ದೇ ಕ್ಯಾರಿ ಯು?"

ಇಲ್ಲ ಎಂದೆ. ಪ್ರಾಮಿಸ್ಸಾ ಎಂದಳು. ಪ್ರಾಮಿಸ್ ಎಂದೆ. ಹಾಗಾದರೆ ಬರುತ್ತೇನೆ ಎಂದು ಮತ್ತೆ ಪುಸ್ತಕಕ್ಕೆ ಬಗ್ಗಿದಳು. ಅವಳಿಗೆ ನಾನು ಗಿಡ್ಡ ಎಂದು ನಾಚಿಕೆಯಿರಲಿಲ್ಲ. ಅಪ್ಪನನ್ನು ಮಗುವಿನ ಹಾಗೆ ಯಾರೋ ಎತ್ತುವುದನ್ನು ಗೆಳತಿಯರ ನಡುವೆ ಕುಳಿತು ನೋಡಲು ಅವಳಿಂದ ಆಗುತ್ತಿರಲಿಲ್ಲ. ನನ್ನಿಂದಲೂ ಆಗುತ್ತಿರಲಿಲ್ಲ.

ಮರುದಿನ ನಿರ್ದೇಶಕರಿಗೆ ಫೋನು ಮಾಡಿ, ಎತ್ತುವುದಾದರೆ ನಾನಿಲ್ಲ, ಖಲಾಸ್ ಎಂದೆ. ನನ್ನ ಎತ್ತರದ ಬದಲಿ ನಟ ಇಡೀ ಎಮಿರೇಟ್ಸಿನಲ್ಲಿ ಅವರಿಗೆ ಸಿಗುತ್ತಿರಲಿಲ್ಲ, ಒಪ್ಪಿದರು. ಆ ದೃಶ್ಯವನ್ನು ನಾವಿಬ್ಬರೂ ಸೇರಿ ತಿದ್ದಿದೆವು: ಧಣಿ ಅಂಗೈ ಚಾಚುತ್ತಾನೆ, ನಾನು ಅದರ ಮೇಲೆ ನನ್ನ ಟೋಪಿ ಇಟ್ಟು, ಕೈ ಹಿಂದೆ ಕಟ್ಟಿಕೊಂಡು ನಡೆದು ಹೋಗುತ್ತೇನೆ. ರಾಣಿಯ ಸಿಂಹಾಸನದ ಪಕ್ಕದ ಕುರ್ಚಿಗೆ ನಾನೇ ಹತ್ತುವ ಹಾಗೆ ಒಂದು ಮೆಟ್ಟಿಲುಸ್ಟೂಲನ್ನೂ ಅವರು ಮಾಡಿಸಿಕೊಟ್ಟರು.

ಅರಮನೆಗೆ ಕೆಂಪು ಕಾರ್ಪೆಟ್ ಬೇಕಿತ್ತು. ನಿರ್ದೇಶಕರು ಅಬುಧಾಬಿಯ ಅಲ್ ಮೀನಾದ ಕಾರ್ಪೆಟ್ ಸಂತೆಗೇ ಹೋಗಿ ತಂದರು. ಅಷ್ಟು ದೂರ ಹೋದವರು ಪಕ್ಕದ ಮೀನು ಮಾರ್ಕೆಟ್ಟಿಗೆ ಹೋಗದೆ ಬರಲು ನಮ್ಮ ಕಡೆಯವರಿಂದ ಸಾಧ್ಯವೇ? ಎರಡು ಅಂಜಲ್ ಮೀನೂ ಅದೇ ಡಿಕ್ಕಿಯಲ್ಲಿ ಬಂದವು. ಆಮೇಲೆ ಎಷ್ಟು ಅತ್ತರು ಹೊಡೆದರೂ ಅರಮನೆ ಮಲ್ಪೆಯ ಹಾಗೆ ನಾರುತ್ತಿತ್ತು. ರಾಣಿಯಾಗಿದ್ದವರು ಆಸ್ಪತ್ರೆಯಲ್ಲಿ ನರ್ಸ್, ಕೊಂಕಣಿ ಮಾತಾಡುವ ಕ್ರೈಸ್ತರು. ತಮ್ಮ ಮದುವೆಯ ಬಿಳಿ ಗೌನನ್ನೇ ತಂದಿದ್ದರು. ಎರಡು ಹೆರಿಗೆಯಾದ ಮೇಲೆ ಅದರ ಹಿಂದಿನ ಜಿಪ್ ಮೇಲಕ್ಕೆ ಬರುತ್ತಿರಲಿಲ್ಲ. ರಾಣಿಗೆ ಯಾರೂ ಬೆನ್ನು ಹಾಕಬಾರದು ಎಂಬುದು ಆ ಆಸ್ಥಾನದ ನಿಯಮ; ನಮ್ಮ ರಾಣಿ ಪ್ರೇಕ್ಷಕರಿಗೆ ಬೆನ್ನು ಹಾಕುವಂತಿರಲಿಲ್ಲ. ಹಾಗಾಗಿ ಆ ದೃಶ್ಯದಲ್ಲಿ ಎಲ್ಲರೂ ಏಡಿಗಳ ಹಾಗೆ ಅಡ್ಡಡ್ಡ ಓಡಾಡಿದೆವು.

ವಾರದ ರಜೆಯ ಶುಕ್ರವಾರ ಮಧ್ಯಾಹ್ನ ನಾಟಕ. ನಾನೇ ಹೇಳುತ್ತೇನೆ, ಯಾರೂ ಹೇಳುವುದಿಲ್ಲ: ಚೆನ್ನಾಗಿ ಮಾಡಿದೆ. ಅಂಗೈ ಮೇಲೆ ಟೋಪಿ ಇಟ್ಟಾಗ ಜನ ನಕ್ಕರು, ನಾನು ತಿರುಗಿ ನೋಡದೆ ನಡೆದಾಗ ಚಪ್ಪಾಳೆ ತಟ್ಟಿದರು. ಎರಡನೇ ಸಾಲಿನಲ್ಲಿ ಮಗಳು ಗೆಳತಿಯರ ಜೊತೆ ಕುಳಿತಿದ್ದಳು. ಚಪ್ಪಾಳೆ ತಟ್ಟುತ್ತಾ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ನನ್ನ ಎದೆ ಸಭಾಂಗಣದಷ್ಟಾಯಿತು.

ಅಲ್ಲಿಗೇ ಪರದೆ ಎಳೆದಿದ್ದರೆ ಚೆನ್ನಾಗಿತ್ತು. ಆದರೆ ಸನ್ಮಾನವಿಲ್ಲದೆ ನಮ್ಮವರ ಕಾರ್ಯಕ್ರಮ ಮುಗಿಯುವುದುಂಟೇ? ಕೊಲ್ಲಿಯಲ್ಲಿ ಮಳೆ ಬಾರದ ವರ್ಷ ನೋಡಿದ್ದೇನೆ, ಶಾಲು ಹೊದೆಸದ ಸಭೆ ನೋಡಿಲ್ಲ. ಪರದೆ ಬಿದ್ದ ಕೂಡಲೇ ರಾಣಿಯ ಸಿಂಹಾಸನವನ್ನು ನಡುವಿಗೆ ಎಳೆದರು, ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ ಬಂದವು. ಮುಖ್ಯ ಅತಿಥಿಗಳು ನಮ್ಮೂರ ಕಡೆಯವರೇ, ಕೆಲವು ರೆಸ್ಟೋರೆಂಟುಗಳ ಧಣಿಗಳು, ಹೊಟ್ಟೆಯಷ್ಟೇ ದೊಡ್ಡ ಮನಸ್ಸಿನವರು. ಸನ್ಮಾನ ನನಗೆ, ಸನ್ಮಾನಿತರು ಕುಳಿತಿರಬೇಕು ಎಂಬುದು ಪದ್ಧತಿ. ನಾನು ಮೆಟ್ಟಿಲುಸ್ಟೂಲಿಗಾಗಿ ನೋಡಿದೆ. ಹಾಲ್ ಬಿಡುವ ಸಮಯವಾಯಿತೆಂದು ನಿರ್ದೇಶಕರು ಅದನ್ನು ಆಗಲೇ ವ್ಯಾನಿಗೆ ತುಂಬಿಸಿದ್ದರು. ಸಿಮೆಂಟಿನವರಲ್ಲವೇ, ಲೋಡಿಂಗ್‌ನಲ್ಲಿ ಬಹಳ ಚುರುಕು.

ನಾನು ನಿಂತೇ ಇರುತ್ತೇನೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕಂಕುಳಡಿಗೆ ಎರಡು ದೊಡ್ಡ ಕೈ ಬಂದವು. ಮುಖ್ಯ ಅತಿಥಿಗಳು ಪ್ರೀತಿಯಿಂದ ನನ್ನನ್ನು ಎತ್ತಿ, ಜನರಿಗೆ ಒಮ್ಮೆ ತೋರಿಸಿ, ಸಿಂಹಾಸನದ ಮೇಲೆ ಇಟ್ಟರು. ಇಡೀ ನಾಟಕಕ್ಕೆ ಬಾರದಷ್ಟು ಚಪ್ಪಾಳೆ ಬಂತು. ಯಾರೋ ತಲೆಗಿಟ್ಟ ಪೇಟ ಕಣ್ಣಿನವರೆಗೆ ಇಳಿದಿತ್ತು. ಅದರ ಕೆಳಗಿಂದ ಎರಡನೇ ಸಾಲು ಕಾಣುತ್ತಿತ್ತು. ಮಗಳು ಚಪ್ಪಾಳೆ ತಟ್ಟುತ್ತಿರಲಿಲ್ಲ. ತಲೆ ತಗ್ಗಿಸಿ ತನ್ನ ಶೂ ನೋಡುತ್ತಿದ್ದಳು.

ಆಗ ಫೋಟೊಗ್ರಾಫರ್ ಮುಂದೆ ಬಂದು, ಎತ್ತುವಾಗಿನ ಫೋಟೊ ಸರಿ ಬರಲಿಲ್ಲ, ಇನ್ನೊಮ್ಮೆ ಎತ್ತಬಹುದಾ ಎಂದು ಕೇಳಿದ. ಮುಖ್ಯ ಅತಿಥಿಗಳನ್ನು ಕೇಳಿದ, ನನ್ನನ್ನಲ್ಲ. ಅವರು ಆಯ್ತಾಯ್ತು ಎಂದು ತೋಳು ಮೇಲೇರಿಸಿದರು.

ನಾಟಕದ ಕಾಲರ್ ಮೈಕು ನನ್ನ ಕೋಟಿನಲ್ಲಿ ಇನ್ನೂ ಇತ್ತು. "ಬೇಡ," ಎಂದೆ. ನನ್ನ ಆರಡಿ ದನಿ ಸಭಾಂಗಣದ ಕೊನೆಯ ಗೋಡೆಗೆ ಹೋಗಿ ಬಂತು. ಜನ ಸುಮ್ಮನಾದರು. ಸುಮ್ಮನಾದ ಮೇಲೆ ಮಾತು ನಿಲ್ಲಿಸುವವನೇ ನಾನು? "ಎತ್ತುವ ಮೊದಲು ಕೇಳಿ. ಕೇಳಿದರೆ ನಾನು ಬೇಡ ಅಂತೇನೆ. ಅದು ಗೊತ್ತುಂಟು, ಹಾಗಾಗಿಯೇ ಯಾರೂ ಕೇಳುವುದಿಲ್ಲ."

ಮುಖ್ಯ ಅತಿಥಿಗಳ ಮುಖ ನೋಡಿ ನನಗೇ ಪಾಪ ಎನಿಸಿತು. ಅಷ್ಟು ದೊಡ್ಡ ಜೀವ, ಸ್ವಲ್ಪ ಹೊತ್ತು ಎಲ್ಲಿ ಕೈಯಿಡಬೇಕೆಂದು ತಿಳಿಯದೆ ನಿಂತಿತು. ಆಮೇಲೆ ಅವರು ಮೆಲ್ಲಗೆ, "ತಪ್ಪಾಯ್ತು ಮಾರಾಯ್ರೆ, ಕೇಳ್ಬೇಕಿತ್ತು," ಎಂದರು. ಅಷ್ಟಕ್ಕೇ ಬಿಡಲಿಲ್ಲ. ರೇಷ್ಮೆ ಪಂಚೆಯನ್ನು ಮಡಚಿ, ನನ್ನ ಕಾಲ ಬಳಿ ಆ ಮೀನು ನಾರುವ ಕಾರ್ಪೆಟ್ಟಿನ ಮೇಲೆ ಕುಳಿತು, ಈಗ ತೆಗೆಯಪ್ಪ ಫೋಟೊ ಎಂದರು. ಕುಳಿತವರಿಗೆ ಏಳಲು ಆಗಲಿಲ್ಲ. ಇಬ್ಬರು ಸ್ವಯಂಸೇವಕರು ಬಂದು ಕಂಕುಳಿಗೆ ಕೈ ಹಾಕಿದರು. ಮೊದಲು ಅವರನ್ನು ಕೇಳಿ ಎಂದು ನಾನು ಮೈಕಿನಲ್ಲೇ ಹೇಳಿದೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಮುಖ್ಯ ಅತಿಥಿಗಳೇ.

ಮಗಳು ಮಾತ್ರ ನಗಲಿಲ್ಲ. ಕಾರಿನಲ್ಲಿ ಹಿಂದಿನ ಸೀಟಿನಿಂದ ಒಂದೇ ಮಾತು, "ಯು ಪ್ರಾಮಿಸ್ಡ್." ಕೊಟ್ಟ ಮಾತು ನನ್ನದು, ಎತ್ತಿದ ಕೈ ಬೇರೆಯವರದು, ಇದನ್ನು ಹತ್ತು ವರ್ಷದವಳಿಗೆ ಹೇಗೆ ಹೇಳುವುದು? ಹಣ್ಣಿನ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಸಿಗ್ನಲ್ ನೋಡುತ್ತಾ ಕುಳಿತೆ.

ಅಲ್ ನಹ್ದಾದಲ್ಲಿ ಶುಕ್ರವಾರ ಸಂಜೆ ಪಾರ್ಕಿಂಗ್ ಸಿಗುವುದೆಂದರೆ ಪೂರ್ವಜನ್ಮದ ಪುಣ್ಯ. ಹೆಂಡತಿ ನಮ್ಮಿಬ್ಬರನ್ನು ಕಟ್ಟಡದ ಬಾಗಿಲಲ್ಲಿ ಇಳಿಸಿ ಜಾಗ ಹುಡುಕಲು ಹೋದಳು. ನಾವು ಲಿಫ್ಟಿನೊಳಗೆ ಹೋದೆವು, ಬಾಗಿಲು ಮುಚ್ಚಿತು. ಲಿಫ್ಟ್ ಏಳಲಿಲ್ಲ. ಮಗಳು ಗುಂಡಿ ಒತ್ತದೆ, ಕೈಕಟ್ಟಿ ನಿಂತಿದ್ದಳು. ಒತ್ತು ಎಂದೆ. ತಲೆ ಅಲ್ಲಾಡಿಸಿದಳು.

"ಅಪ್ಪಾ, ನೀವು ನನ್ನನ್ನು ಎತ್ತಿ," ಎಂದಳು, ಕನ್ನಡದಲ್ಲಿ. "ನಾನೇ ಕೇಳ್ತಾ ಇದ್ದೇನಲ್ಲ."

ಹಣ್ಣಿನ ಬುಟ್ಟಿ ಕೆಳಗಿಟ್ಟೆ. ಅವಳ ಸೊಂಟ ಹಿಡಿದು, ದೇವರೇ ಎಂದು ಎತ್ತಿದೆ. ನೆಲದಿಂದ ಎರಡು ಬೆರಳಿನಷ್ಟು ಮೇಲೆ ಬಂದಿರಬಹುದು, ಅದೂ ಅವಳು ತುದಿಗಾಲಲ್ಲಿ ನಿಂತು ನನಗೆ ಸಹಾಯ ಮಾಡಿದ್ದರಿಂದ. ಅವಳು ಕೈ ಚಾಚಿ ಒತ್ತಿದಳು. ನಗುವಿನ ಗಡಿಬಿಡಿಯಲ್ಲಿ ಬೇರೆ ಯಾವುದೋ ಮಹಡಿಯ ಗುಂಡಿ ಒತ್ತಿದ್ದಳು. ಬಾಗಿಲು ತೆರೆದಾಗ ಎದುರಿಗೆ ಕಸದ ಚೀಲ ಹಿಡಿದ ಒಬ್ಬರು ನಿಂತಿದ್ದರು. ನನ್ನ ಮೈಮೇಲೆ ರಾಣಿಯ ಆಸ್ಥಾನದ ಕೋಟು, ತಲೆ ಮೇಲೆ ಪೇಟ, ತೋಳಿನಲ್ಲಿ ನನಗಿಂತ ಎತ್ತರದ ಮಗಳು. ಅವರು ಒಳಗೆ ಬರದೆ ಮುಂದಿನ ಲಿಫ್ಟಿಗೆ ಕಾಯುತ್ತೇನೆ ಎಂದರು. ಬಾಗಿಲು ಮುಚ್ಚಿತು. ನಾನು ಅವಳನ್ನು ಇಳಿಸಲಿಲ್ಲ.